ಮಾಣಿ ಒಳಗೆ ಹೋಗಿ ಏನು ಮಾಡುತ್ತಾನೆ?

ಹೋಟೆಲಿನಲ್ಲಿ ಕುಳಿತು ‘ಒಂದು ಊಟ’ ಎಂದರೆ ಸಾಕು. ಮಾಣಿ ತಲೆಯಾಡಿಸಿ ಒಳಗೆ ಹೋಗುತ್ತಾನೆ. ಐದು ನಿಮಿಷದಲ್ಲಿ ತಟ್ಟೆ ಎದುರಿಗೆ ಬರುತ್ತದೆ. ಪಲ್ಯ ಯಾವ ಪಾತ್ರೆಯಿಂದ ಬಂತು, ಸಾರು ಯಾರು ಕುದಿಸಿದರು, ಹಪ್ಪಳ ಮುಗಿದಿದ್ದರಿಂದ ಅದರ ಜಾಗದಲ್ಲಿ ಸಂಡಿಗೆ ಯಾವಾಗ ಬಂದು ಕುಳಿತಿತು ಎಂಬುದು ಯಾವುದೂ ಗಿರಾಕಿಗೆ ಗೊತ್ತಿಲ್ಲ. ಗೊತ್ತಾಗಬೇಕಾದ ಅಗತ್ಯವೂ ಇಲ್ಲ. ಆತ ಕೇಳಿದ್ದು ಒಂದು ಊಟ, ಬಂದದ್ದು ಒಂದು ಊಟ.

ಅಂತರಜಾಲದ ವ್ಯವಹಾರವೂ ಹೀಗೆಯೇ. ಕಂಪ್ಯೂಟರಿನಲ್ಲೋ ಫೋನಿನಲ್ಲೋ ಬ್ರೌಸರ್ ತೆರೆದು ಒಂದು ವಿಳಾಸ ಬರೆದರೆ ಆ ಕೋರಿಕೆ ಎಲ್ಲೋ ದೂರದಲ್ಲಿರುವ ವೆಬ್ ಸರ್ವರ್‌ಗೆ ತಲಪುತ್ತದೆ. ಸರ್ವರ್ ಎಂದರೆ ಬಡಿಸುವವ, ಮಾಣಿ ಎಂದೇ ಅರ್ಥ. ಈ ಮಾಣಿ ಒಳಗೆ ಹೋಗಿ ಪುಟವನ್ನು ತಂದು ಬಡಿಸುತ್ತದೆ. ಆದರೆ ಕೇಳಿದ ಪುಟ ಕೇಳಿದ ಜಾಗದಲ್ಲಿ ಸಿದ್ಧವಾಗಿ ಕುಳಿತಿರುವುದು ಅಪರೂಪ. ತಲೆಭಾಗ ಒಂದು ಕಡೆ, ಸುದ್ದಿ ಇನ್ನೊಂದು ಕಡೆ, ನೀವು ಯಾರು ಎಂಬ ಲೆಕ್ಕ ಮತ್ತೊಂದು ಕಡೆ ಇರುತ್ತದೆ. ಹೀಗಾಗಿ ಹೊರಗಿನವರು ಒಂದು ಕೋರಿಕೆ ಕಳಿಸಿದರೆ ಸರ್ವರ್ ತನಗೆ ತಾನೇ ಇನ್ನಷ್ಟು ಕೋರಿಕೆಗಳನ್ನು ಕಳಿಸಿಕೊಳ್ಳುತ್ತದೆ!

ಈ ಒಳಗಿನ ಓಡಾಟವನ್ನು ಸರಿಯಾಗಿ ನಿಭಾಯಿಸುವುದು ಸರ್ವರ್ ತಂತ್ರಾಂಶ ಬರೆಯುವವರ ಹಳೆಯ ತಲೆನೋವು. ಲೆಕ್ಕ ತಪ್ಪಿದರೆ ಸರ್ವರ್ ಗಾಣದ ಎತ್ತಿನಂತೆ ಸುತ್ತಿ ಸುತ್ತಿ ಕುಸಿಯಬಹುದು. ಅದಕ್ಕಿಂತ ಕೆಟ್ಟದ್ದೂ ಆಗಬಹುದು. ಬೀಗ ಹಾಕಿದ ಬಾಗಿಲನ್ನು ಕಳ್ಳನಿಗೆ ತಾನೇ ತೆರೆದುಕೊಡಬಹುದು. 2025ರ ಮಾರ್ಚ್‌ನಲ್ಲಿ ಆದದ್ದು ಇದೇ. ಆ ಕಥೆಗೆ ಮೊದಲು ಸರ್ವರ್‌ನ ಅಡುಗೆಮನೆಯನ್ನು ಒಮ್ಮೆ ಇಣುಕಿ ನೋಡಬೇಕು.

‘ಇಲ್ಲಿಲ್ಲ, ಅಲ್ಲಿಗೆ ಹೋಗಿ’

ಕೇಳಿದ ವಸ್ತು ಕೇಳಿದ ಜಾಗದಲ್ಲಿ ಇಲ್ಲದಾಗ ಸರ್ವರ್‌ಗೆ ಎರಡು ದಾರಿಗಳಿವೆ. ಮೊದಲನೆಯದು, ‘ಅದು ಇಲ್ಲಿಲ್ಲ, ಎದುರಿನ ಹೋಟೆಲಿಗೆ ಹೋಗಿ’ ಎಂದು ಗಿರಾಕಿಯನ್ನೇ ಎಬ್ಬಿಸಿ ಕಳಿಸುವುದು. ಇದಕ್ಕೆ ರೀಡೈರೆಕ್ಟ್ ಎನ್ನುತ್ತಾರೆ. ಸರ್ವರ್ ಪುಟವನ್ನು ಕೊಡುವುದಿಲ್ಲ. ಒಂದು ಅಂಕಿ ಮತ್ತು ಒಂದು ಹೊಸ ವಿಳಾಸ ಕೊಡುತ್ತದೆ, ಅಷ್ಟೆ. 301 ಎಂದರೆ ‘ಶಾಶ್ವತವಾಗಿ ಮನೆ ಬದಲಿಸಿದ್ದಾರೆ, ಇನ್ನು ಮುಂದೆ ಅಲ್ಲಿಗೇ ಹೋಗಿ’ ಎಂದರ್ಥ. 302 ಎಂದರೆ ‘ಸದ್ಯಕ್ಕೆ ಅಲ್ಲಿದ್ದಾರೆ’ ಎಂದು. ಬ್ರೌಸರ್ ಈ ಉತ್ತರ ಓದಿ, ಹೊಸ ವಿಳಾಸಕ್ಕೆ ಹೊಸದಾಗಿ ಕೋರಿಕೆ ಕಳಿಸುತ್ತದೆ. ಮೇಲಿನ ವಿಳಾಸದ ಪಟ್ಟಿಯಲ್ಲಿ ಅಕ್ಷರಗಳು ಬದಲಾಗುವುದನ್ನು ನೀವೂ ಕಂಡಿರಬಹುದು.

ಇಷ್ಟು ಸರಳವಾದ ಸಂಗತಿಯಲ್ಲೂ ಎಡವಟ್ಟು ಆಗದಿರಲಿಲ್ಲ. ಅರ್ಜಿಯೊಂದನ್ನು ತುಂಬಿ ‘ಕಳಿಸು’ ಎಂದು ಒತ್ತಿದಾಗ 302 ಬಂದರೆ ಏನು ಮಾಡಬೇಕು? ತುಂಬಿದ ಅರ್ಜಿಯನ್ನು ಹೊಸ ವಿಳಾಸಕ್ಕೂ ಒಯ್ಯಬೇಕೇ, ಅಥವಾ ಬರಿಗೈಯಲ್ಲಿ ಹೋಗಿ ಪುಟವನ್ನಷ್ಟೇ ಕೇಳಬೇಕೇ? ಅರ್ಜಿ ಒಯ್ಯಬೇಕೆಂದು ನಿಯಮ ಹೇಳುತ್ತಿತ್ತು. ಬಹಳಷ್ಟು ಬ್ರೌಸರುಗಳು ಬರಿಗೈಯಲ್ಲೇ ಹೋಗುತ್ತಿದ್ದವು. ಕೊನೆಗೆ ನಿಯಮ ಬರೆಯುವವರೇ ಸೋತು, ‘ಬರಿಗೈಯಲ್ಲಿ ಹೋಗು’ ಎನ್ನಲು 303 ಎಂಬ ಅಂಕಿಯನ್ನೂ ‘ಅರ್ಜಿ ಸಮೇತ ಹೋಗು’ ಎನ್ನಲು 307 ಎಂಬ ಅಂಕಿಯನ್ನೂ ಬೇರೆಬೇರೆಯಾಗಿ ಇಟ್ಟರು. 2014ರಲ್ಲಿ 308 ಎಂಬ ಇನ್ನೊಂದು ಸೇರಿತು: ಶಾಶ್ವತ ಸ್ಥಳಾಂತರ, ಅರ್ಜಿ ಸಮೇತ.

ಇನ್ನೊಂದು ತೊಂದರೆ ಎಂದರೆ ಸುತ್ತಾಟ. ಈ ಹೋಟೆಲಿನವನು ಆ ಹೋಟೆಲಿಗೆ ಹೋಗಿ ಎನ್ನುತ್ತಾನೆ, ಆ ಹೋಟೆಲಿನವನು ಈ ಹೋಟೆಲಿಗೇ ಹೋಗಿ ಎನ್ನುತ್ತಾನೆ. ಗಿರಾಕಿ ಮನುಷ್ಯನಾದರೆ ಎರಡನೇ ಸಲಕ್ಕೇ ಬೈದು ಮನೆಗೆ ಹೋದಾನು. ಆದರೆ ಬ್ರೌಸರ್‌ಗೆ ಬೇಸರವೆಂಬುದಿಲ್ಲ. ಆದ್ದರಿಂದ 1997ರ ಎಚ್‌ಟಿಟಿಪಿ ನಿಯಮಾವಳಿಯಲ್ಲಿ ಐದು ಸಲಕ್ಕಿಂತ ಹೆಚ್ಚು ತಿರುಗಬಾರದೆಂದು ಸಲಹೆ ಇತ್ತು. ಇಂದಿನ ಬ್ರೌಸರುಗಳ ನಿಯಮದಲ್ಲಿ ಆ ಮಿತಿ 20. ಅಷ್ಟಾದ ಮೇಲೆ ಬ್ರೌಸರ್ ಕೈಚೆಲ್ಲಿ, ‘ಈ ತಾಣ ಸುಮ್ಮನೆ ಅಲೆದಾಡಿಸುತ್ತಿದೆ’ ಎಂಬರ್ಥದ ದೂರನ್ನು ಪರದೆಯ ಮೇಲೆ ತೋರಿಸುತ್ತದೆ.

ಗಿರಾಕಿಗೆ ತಿಳಿಯದ ದಾರಿ

ಎರಡನೆಯ ದಾರಿ ಹೆಚ್ಚು ಸೌಜನ್ಯದ್ದು. ಗಿರಾಕಿಯನ್ನು ಎಬ್ಬಿಸದೆ, ಮಾಣಿ ತಾನೇ ಹಿಂಬಾಗಿಲಿನಿಂದ ಹೋಗಿ ಬೇಕಾದ್ದನ್ನು ತರುವುದು. ಇದು ಒಳಗಿನ ರೀಡೈರೆಕ್ಟ್. ಬ್ರೌಸರ್‌ನ ವಿಳಾಸ ಪಟ್ಟಿ ಬದಲಾಗುವುದಿಲ್ಲ. ಒಳಗೆ ಏನು ನಡೆಯಿತೆಂಬುದು ಹೊರಗಿನವರಿಗೆ ಗೊತ್ತೂ ಆಗುವುದಿಲ್ಲ.

ಜಗತ್ತಿನಲ್ಲಿ ಬಹುಕಾಲ ಅತಿ ಹೆಚ್ಚು ಬಳಕೆಯಲ್ಲಿದ್ದ ಅಪಾಚಿ ಸರ್ವರ್‌ನ ಉದಾಹರಣೆಯನ್ನೇ ನೋಡಿ. ಯಾರೋ ಒಂದು ತಾಣದ ‘ಚಿತ್ರಗಳು’ ಎಂಬ ಕಡತಕೋಶವನ್ನು ಕೇಳುತ್ತಾರೆ, ಆದರೆ ವಿಳಾಸದ ಕೊನೆಯ ಓರೆಗೆರೆಯನ್ನು ಬರೆಯುವುದಿಲ್ಲ ಎಂದುಕೊಳ್ಳಿ. ಆಗ ಅಪಾಚಿ 301 ಎಂದು ಹೇಳಿ, ಓರೆಗೆರೆ ಸೇರಿಸಿದ ವಿಳಾಸಕ್ಕೆ ಬ್ರೌಸರನ್ನೇ ಹೊರಗಿನಿಂದ ಕಳಿಸುತ್ತದೆ. ಒಂದು ಗೆರೆಗಾಗಿ ಇಷ್ಟು ಉಪಚಾರವೇಕೆ? ಆ ಪುಟದೊಳಗಿನ ಚಿತ್ರ, ಕೊಂಡಿಗಳ ವಿಳಾಸಗಳನ್ನು ಬ್ರೌಸರ್ ಲೆಕ್ಕ ಹಾಕುವುದು ತನ್ನ ಪಟ್ಟಿಯಲ್ಲಿರುವ ವಿಳಾಸದಿಂದ. ಗೆರೆ ಇಲ್ಲದಿದ್ದರೆ ಲೆಕ್ಕ ಒಂದು ಮೆಟ್ಟಿಲು ಮೇಲಕ್ಕೆ ಹೋಗಿ ಚಿತ್ರಗಳೆಲ್ಲ ಕಾಣೆಯಾಗುತ್ತವೆ. ಆದ್ದರಿಂದ ಈ ತಿದ್ದುಪಡಿ ಗಿರಾಕಿಗೆ ತಿಳಿಯಲೇಬೇಕು.

ಗೆರೆ ಬಂತು. ಈಗ ಆ ಕೋಶದಲ್ಲಿ ಬಡಿಸಬೇಕಾದ ಮುಖಪುಟ ಯಾವುದು? ಅಪಾಚಿ ತನ್ನೊಳಗೇ ವಿಚಾರಿಸಿಕೊಳ್ಳುತ್ತದೆ: ಇಂಡೆಕ್ಸ್ ಎಂಬ ಹೆಸರಿನ ಕಡತ ಇದೆಯೇ? ಅದಿಲ್ಲದಿದ್ದರೆ ಪಟ್ಟಿಯಲ್ಲಿ ಮುಂದಿನದು ಇದೆಯೇ? ಸಿಕ್ಕಿದ ಕೂಡಲೇ ಕೋರಿಕೆಯನ್ನು ಅದಕ್ಕೆ ತಿರುಗಿಸಿ ಬಡಿಸುತ್ತದೆ. ಇದು ಗಿರಾಕಿಗೆ ತಿಳಿಯಬೇಕಾಗಿಲ್ಲ. ಒಂದೇ ಕೋರಿಕೆಯ ಅರ್ಧ ಹೊರಗಿನ ದಾರಿ, ಇನ್ನರ್ಧ ಒಳಗಿನ ದಾರಿ!

ಯಾವಾಗ ಯಾವ ದಾರಿ ಹಿಡಿಯಬೇಕೆಂಬ ವಿವೇಕ ತಪ್ಪಿದರೆ ಆಗುವ ಅನಾಹುತಕ್ಕೆ ‘404’ ಒಳ್ಳೆಯ ನಿದರ್ಶನ. ಕೇಳಿದ ಪುಟ ಇಲ್ಲದಾಗ ಒರಟಾಗಿ ‘ಇಲ್ಲ’ ಎನ್ನುವ ಬದಲು ಅಂದವಾದ ಕ್ಷಮಾಪಣೆಯ ಪುಟ ತೋರಿಸುವ ಸೌಲಭ್ಯ ಅಪಾಚಿಯಲ್ಲಿದೆ. ಆ ಪುಟದ ವಿಳಾಸವನ್ನು ತಾಣದೊಳಗಿನ ಹಾದಿಯಾಗಿ ಬರೆದರೆ ಒಳಗಿನ ರೀಡೈರೆಕ್ಟ್ ಆಗುತ್ತದೆ. ಬ್ರೌಸರ್‌ಗೆ ಪುಟವೂ ಸಿಗುತ್ತದೆ, 404 ಎಂಬ ಸತ್ಯವೂ ತಿಳಿಯುತ್ತದೆ. ಅದೇ ವಿಳಾಸವನ್ನು ತಾಣದ ಪೂರ್ತಿ ಹೆಸರಿನೊಂದಿಗೆ ಬರೆದರೋ, ಸರ್ವರ್ 302 ಎಂದು ಬ್ರೌಸರನ್ನು ಹೊರಗಿನಿಂದ ಕಳಿಸುತ್ತದೆ. ಅಲ್ಲಿ ಕ್ಷಮಾಪಣೆಯ ಪುಟ ‘200, ಎಲ್ಲ ಸರಿಯಾಗಿದೆ’ ಎಂಬ ಅಂಕಿಯೊಂದಿಗೆ ಸಿಗುತ್ತದೆ. ಸತ್ತವರ ಮನೆಯಲ್ಲಿ ‘ಎಲ್ಲರೂ ಕ್ಷೇಮ’ ಎಂದ ಹಾಗೆ! ಪುಟ ಸತ್ತಿದೆಯೆಂಬುದು ಹುಡುಕುಯಂತ್ರಗಳಿಗೆ ಗೊತ್ತೇ ಆಗುವುದಿಲ್ಲ. ಗುಪ್ತಪದ ಕೇಳುವ 401ರ ವಿಷಯದಲ್ಲಿ ಹೀಗೆ ಮಾಡಿದರೆ ಇನ್ನೂ ಫಜೀತಿ. ಬ್ರೌಸರ್‌ಗೆ 401 ಕಾಣದಿದ್ದರೆ ಗುಪ್ತಪದ ಕೇಳಬೇಕೆಂಬುದೇ ಅದಕ್ಕೆ ತೋಚುವುದಿಲ್ಲ.

ಉಪಕೋರಿಕೆ ಎಂಬ ಇಣುಕುನೋಟ

ಒಳಗಿನ ರೀಡೈರೆಕ್ಟ್ ಎಂದರೆ ಒಂದು ಕೋರಿಕೆ ಪೂರ್ತಿಯಾಗಿ ಇನ್ನೊಂದಾಗಿ ಬದಲಾಗುವುದು. ಇದರ ತಮ್ಮನೊಬ್ಬನಿದ್ದಾನೆ. ಆತನ ಹೆಸರು ಸಬ್‌ರಿಕ್ವೆಸ್ಟ್, ಅಂದರೆ ಉಪಕೋರಿಕೆ. ಇಲ್ಲಿ ಮೂಲ ಕೋರಿಕೆ ಹಾಗೆಯೇ ಇರುತ್ತದೆ. ಅದರ ಕೆಲಸದ ನಡುವೆ ಸರ್ವರ್ ಇನ್ನೊಂದು ಚಿಕ್ಕ ಕೋರಿಕೆಯನ್ನು ತನಗೆ ತಾನೇ ಹಾಕಿಕೊಳ್ಳುತ್ತದೆ.

ಉಪಕೋರಿಕೆಯ ಉಪಯೋಗ ಎರಡು ಬಗೆ. ಮೊದಲನೆಯದು ಬರಿಯ ವಿಚಾರಣೆ: ‘ಈ ವಿಳಾಸವನ್ನು ಯಾರಾದರೂ ಕೇಳಿದ್ದರೆ ಏನಾಗುತ್ತಿತ್ತು?’ ಎಂದು ತಿಳಿದುಕೊಳ್ಳುವುದು. ಮೇಲೆ ಹೇಳಿದ ಇಂಡೆಕ್ಸ್ ಕಡತದ ಹುಡುಕಾಟ ಇದೇ. ಮಾಣಿ ಅಡುಗೆಮನೆಗೆ ತಲೆಹಾಕಿ ‘ಕೇಸರಿಬಾತ್ ಇದೆಯಾ?’ ಎಂದು ಕೇಳುತ್ತಾನೆ, ತಟ್ಟೆಗೆ ಹಾಕಿಸಿಕೊಳ್ಳುವುದಿಲ್ಲ. ಎರಡನೆಯದು ನಿಜವಾಗಿಯೂ ತರುವುದು. ಒಂದು ಪುಟದ ನಡುವೆ ‘ಇಲ್ಲಿ ಇನ್ನೊಂದು ಪುಟವನ್ನು ಸೇರಿಸು’ ಎಂದು ಬರೆದಿಡುವ ಪದ್ಧತಿ ವೆಬ್‌ನ ಮೊದಲ ವರ್ಷಗಳಿಂದಲೂ ಇದೆ. ಸರ್ವರ್ ಆ ಸಾಲಿಗೆ ಬಂದಾಗ ಉಪಕೋರಿಕೆ ಹಾಕಿ, ಬಂದ ಉತ್ತರವನ್ನು ಆ ಜಾಗದಲ್ಲೇ ಅಂಟಿಸುತ್ತದೆ. ತರಲಾಗದಿದ್ದರೆ ಪುಟದ ಮಧ್ಯೆ ‘ಈ ಸಾಲನ್ನು ಸಂಸ್ಕರಿಸುವಾಗ ದೋಷ’ ಎಂಬರ್ಥದ ಇಂಗ್ಲಿಷ್ ವಾಕ್ಯವೊಂದು ಆವರಣ ಚಿಹ್ನೆಯೊಳಗೆ ಮೂಡುತ್ತಿತ್ತು. ಹಳೆಯ ತಾಣಗಳನ್ನು ನೋಡಿದವರಿಗೆ ಅದು ನೆನಪಿರಬಹುದು.

ಈ ವ್ಯವಸ್ಥೆಯ ಹಿಂದೆ ಒಂದು ಇತಿಹಾಸವಿದೆ. 1993ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಎನ್‌ಸಿಎಸ್‌ಎ ಕೇಂದ್ರದಲ್ಲಿ ರಾಬ್ ಮೆಕೂಲ್ ಎಂಬ ತರುಣ ಒಂದು ಸರ್ವರ್ ತಂತ್ರಾಂಶ ಬರೆದ. ಅದು ಎಲ್ಲೆಡೆ ಹರಡಿತು. ಆದರೆ 1994ರಲ್ಲಿ ಆತ ಅಲ್ಲಿಂದ ಹೊರಟುಹೋದ. ತಂತ್ರಾಂಶಕ್ಕೆ ದಿಕ್ಕಿಲ್ಲದಾಯಿತು. ಅದನ್ನು ಬಳಸುತ್ತಿದ್ದವರು ತಮ್ಮ ತಮ್ಮ ತೇಪೆಗಳನ್ನು ತಾವೇ ಹಾಕಿಕೊಳ್ಳುತ್ತಿದ್ದರು. 1995ರ ಫೆಬ್ರವರಿಯಲ್ಲಿ ಅಂಥ ಎಂಟು ಮಂದಿ ಒಂದಾಗಿ ಅಪಾಚಿ ಗುಂಪು ಕಟ್ಟಿಕೊಂಡರು. ಅದೇ ವರ್ಷ ರಾಬರ್ಟ್ ಥಾವ್ ಎಂಬಾತ ಸರ್ವರ್‌ನ ಒಳವಿನ್ಯಾಸವನ್ನೇ ಬದಲಿಸಿದ. ಎಲ್ಲವನ್ನೂ ಒಂದೇ ರಾಶಿಯಾಗಿ ಬರೆಯುವ ಬದಲು, ವಿಳಾಸವನ್ನು ಕಡತಕ್ಕೆ ಹೊಂದಿಸುವವ ಒಬ್ಬ, ಪ್ರವೇಶದ ಹಕ್ಕು ನೋಡುವವ ಒಬ್ಬ, ಬಡಿಸುವವ ಒಬ್ಬ, ಲೆಕ್ಕ ಬರೆಯುವವ ಒಬ್ಬ ಎಂದು ಕೆಲಸ ಹಂಚಿಹೋಯಿತು. ಈ ಬೇರೆಬೇರೆ ಕೆಲಸಗಾರರಿಗೆ ಮಾಡ್ಯೂಲ್ ಎಂದು ಹೆಸರು. 1995ರ ಡಿಸೆಂಬರ್ 1ರಂದು ಅಪಾಚಿ 1.0 ಹೊರಬಂತು. ಒಂದೇ ವರ್ಷದೊಳಗೆ ಅದು ತನ್ನ ತಾಯಿಯಾದ ಎನ್‌ಸಿಎಸ್‌ಎ ಸರ್ವರನ್ನು ಹಿಂದಿಕ್ಕಿತು.

ಪ್ರತಿ ಕೋರಿಕೆಗೂ ಅಪಾಚಿ ತನ್ನ ನೆನಪಿನಲ್ಲಿ ಒಂದು ಚೀಟಿ ಮಾಡಿಕೊಳ್ಳುತ್ತದೆ. ಆ ಚೀಟಿ ಒಬ್ಬ ಕೆಲಸಗಾರನಿಂದ ಇನ್ನೊಬ್ಬನ ಕೈಗೆ ಸಾಗುತ್ತದೆ. ಉಪಕೋರಿಕೆ ಹುಟ್ಟಿದರೆ ಅದಕ್ಕೆ ಬೇರೆ ಚೀಟಿ. ಅದರ ಮೇಲೆ ‘ನಿನ್ನ ತಾಯಿ ಇಂಥ ಕೋರಿಕೆ’ ಎಂಬ ಗುರುತು. ಒಳಗಿನ ರೀಡೈರೆಕ್ಟ್ ಆದರೆ ಹೊಸ ಚೀಟಿಯ ಮೇಲೆ ‘ನಿನ್ನ ಹಿಂದಿನದು ಇಂಥದ್ದು’ ಎಂಬ ಗುರುತು. ಹೀಗೆ ಚೀಟಿಗಳು ವಂಶವೃಕ್ಷದಂತೆ ಒಂದಕ್ಕೊಂದು ಪೋಣಿಸಿಕೊಂಡಿರುತ್ತವೆ. ದಿನದ ಲೆಕ್ಕಪುಸ್ತಕದಲ್ಲಿ ಮಾತ್ರ ಒಂದೇ ಸಾಲು; ಹೊರಗಿನವರು ಕೇಳಿದ್ದು ಒಂದೇ ತಾನೆ!

ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ಈ ಚೀಟಿ ಇರುವುದು ಸರ್ವರ್‌ನ ಸ್ವಂತ ನೆನಪಿನಲ್ಲಿ. ಯಾವ ಕೋರಿಕೆ ಹೊರಗಿನದು, ಯಾವುದು ಒಳಗೆ ಹುಟ್ಟಿದ್ದು ಎಂದು ಸರ್ವರ್‌ಗೆ ತಾನೇ ಗೊತ್ತು. ಅದನ್ನು ಗಿರಾಕಿಯ ಬಾಯಿಂದ ಕೇಳಿ ತಿಳಿಯಬೇಕಾಗಿಲ್ಲ.

ಗಾಣದ ಎತ್ತು

ತನಗೆ ತಾನೇ ಕೆಲಸ ಹೇಳಿಕೊಳ್ಳುವವನಿಗೆ ಒಂದು ಅಪಾಯ ತಪ್ಪಿದ್ದಲ್ಲ. ಅದು ಎಂದೂ ಮುಗಿಯದ ಸುತ್ತು.

ವಿಳಾಸಗಳನ್ನು ಒಳಗೊಳಗೇ ತಿದ್ದುವ ಮಾಡ್ಯೂಲ್ ಒಂದನ್ನು ಜರ್ಮನಿಯ ರಾಲ್ಫ್ ಎಂಗೆಲ್‌ಶಾಲ್ 1996ರಲ್ಲಿ ಬರೆದು, ಮರುವರ್ಷ ಅಪಾಚಿ ಗುಂಪಿಗೆ ಕೊಟ್ಟ. ಮಾಡ್ ರೀರೈಟ್ ಎಂಬುದು ಅದರ ಹೆಸರು. ಬಹಳ ಶಕ್ತಿಶಾಲಿ, ಅಷ್ಟೇ ಗೊಂದಲಕಾರಿ. ‘ಯಾವ ವಿಳಾಸ ಬಂದರೂ ಇಂಡೆಕ್ಸ್ ಕಡತಕ್ಕೆ ಕಳಿಸು’ ಎಂದು ಅದರಲ್ಲೊಂದು ನಿಯಮ ಬರೆದಿರೆನ್ನಿ. ವಿಳಾಸ ಬಂತು, ಇಂಡೆಕ್ಸ್ ಕಡತಕ್ಕೆ ತಿರುಗಿತು. ಕಡತಕೋಶದೊಳಗೆ ಬರೆದ ನಿಯಮವಾದರೆ ಈ ತಿರುವು ಒಳಗಿನ ರೀಡೈರೆಕ್ಟ್ ಆಗುತ್ತದೆ, ಅಂದರೆ ಕೋರಿಕೆ ಮತ್ತೆ ಮೊದಲಿನಿಂದ ನಿಯಮಗಳ ಎದುರಿಗೆ ಬರುತ್ತದೆ. ಈಗ ವಿಳಾಸ ‘ಇಂಡೆಕ್ಸ್ ಕಡತ’. ಅದೂ ‘ಯಾವ ವಿಳಾಸ ಬಂದರೂ’ ಎಂಬುದರಲ್ಲಿ ಸೇರಿತಲ್ಲ! ಮತ್ತೆ ತಿರುಗಿತು. ಮತ್ತೆ ಬಂತು. ನಿಯಮದ ಕೊನೆಗೆ ‘ಇದೇ ಕೊನೆ’ ಎಂಬ ಗುರುತು ಹಾಕಿದರೂ ಪ್ರಯೋಜನವಿಲ್ಲ. ಆ ಗುರುತು ಈ ಸುತ್ತಿಗೆ ಮಾತ್ರ ಕೊನೆ. ಮುಂದಿನ ಸುತ್ತು ತಡೆಯುವುದಿಲ್ಲ. ಎಷ್ಟೋ ಪ್ರೋಗ್ರಾಮರುಗಳ ರಾತ್ರಿ ನಿದ್ದೆ ಕೆಡಿಸಿದ ಸಂಗತಿ ಇದು. ನಿಜವಾಗಿ ಕೊನೆ ಎನ್ನುವ ಬೇರೊಂದು ಗುರುತು ಬಂದದ್ದು 2012ರ ಅಪಾಚಿ 2.4ರಲ್ಲಿ. ಜನಪ್ರಿಯ ವರ್ಡ್‌ಪ್ರೆಸ್ ತಂತ್ರಾಂಶ ಬರೆದಿಡುವ ನಿಯಮಗಳಲ್ಲಿ ಮೊದಲಿಗೇ ‘ಇಂಡೆಕ್ಸ್ ಕಡತವೇ ಆದರೆ ಮುಟ್ಟಬೇಡ’ ಎಂಬ ಸಾಲು ಇರುವುದು ಈ ಸುತ್ತನ್ನು ತಪ್ಪಿಸಲೆಂದೇ.

ಮೊದಮೊದಲು ಅಪಾಚಿಯಲ್ಲಿ ಇದಕ್ಕೆ ಕಡಿವಾಣ ಇರಲಿಲ್ಲ. ಒಳಗಿನ ರೀಡೈರೆಕ್ಟುಗಳು ಒಂದರ ಹಿಂದೊಂದು, ಉಪಕೋರಿಕೆಗಳು ಒಂದರೊಳಗೊಂದು ಬೆಳೆದು ಸರ್ವರ್ ಕುಸಿಯಬಹುದೆಂಬ ದೋಷವನ್ನು 2003ರಲ್ಲಿ ಭದ್ರತಾ ಎಚ್ಚರಿಕೆಯಾಗಿಯೇ ಪ್ರಕಟಿಸಬೇಕಾಯಿತು. ಆ ಜುಲೈನಲ್ಲಿ ಬಂದ 2.0.47ನೇ ಆವೃತ್ತಿಯಲ್ಲಿ ಒಂದು ಮಿತಿ ಹಾಕಿದರು: ಸಾಲಾಗಿ ಹತ್ತು ರೀಡೈರೆಕ್ಟ್, ಆಳದಲ್ಲಿ ಹತ್ತು ಉಪಕೋರಿಕೆ. ಅದಕ್ಕಿಂತ ಮುಂದೆ ಹೋದರೆ ಸರ್ವರ್ ನಿಂತು, 500 ಎಂಬ ಅಂಕಿ ಕೊಟ್ಟು, ‘ಎಲ್ಲೋ ನಿಯಮ ಬರೆಯುವುದರಲ್ಲಿ ತಪ್ಪಾಗಿರಬೇಕು’ ಎಂದು ತನ್ನ ದಿನಚರಿಯಲ್ಲಿ ಬರೆದುಕೊಳ್ಳುತ್ತದೆ. ರಷ್ಯದ ಇಗೊರ್ ಸಿಸೊಯೆವ್ 2004ರಲ್ಲಿ ಹೊರತಂದ ಎಂಜಿನ್‌ಎಕ್ಸ್ ಸರ್ವರ್‌ನಲ್ಲಿಯೂ ಒಂದು ಕೋರಿಕೆಗೆ ಒಳಗಿನ ತಿರುವುಗಳ ಮಿತಿ ಹತ್ತೇ.

ಎಣಿಸುವುದು ಸುಲಭ. ಚೀಟಿಗಳ ವಂಶವೃಕ್ಷ ಕೈಯಲ್ಲೇ ಇರುವಾಗ ಹಿಂದಕ್ಕೆ ಹತ್ತು ಹೆಜ್ಜೆ ಎಣಿಸಿದರಾಯಿತು. ಕಷ್ಟವಿರುವುದು ಆ ವೃಕ್ಷ ಕೈಯಲ್ಲಿ ಇಲ್ಲದಾಗ.

ಕಾವಲುಗಾರ ಮತ್ತು ಹಿಂಬಾಗಿಲು

ಇಲ್ಲಿಯವರೆಗಿನದು ಸರ್ವರ್‌ನ ಆರೋಗ್ಯದ ಮಾತಾಯಿತು. ಇನ್ನು ನಿಮ್ಮ ಮನೆಯ ಬೀಗದ ಮಾತು.

ಬ್ಯಾಂಕ್ ಖಾತೆ, ಆಸ್ಪತ್ರೆಯ ವರದಿ, ಪರೀಕ್ಷೆಯ ಅಂಕಪಟ್ಟಿ ಇವೆಲ್ಲ ಇಂದು ಯಾವುದೋ ಸರ್ವರ್‌ನ ಹಿಂದೆ ಇವೆ. ಬಾಗಿಲಲ್ಲಿ ಕಾವಲುಗಾರನಿದ್ದಾನೆ. ಆತ ಪ್ರತಿ ಕೋರಿಕೆಯನ್ನೂ ತಡೆದು ‘ಯಾರು ನೀನು?’ ಎಂದು ಕೇಳುತ್ತಾನೆ. ಆದರೆ ಒಳಗಿನಿಂದ ಒಳಗೇ ಹೋಗುವ ಕೋರಿಕೆಗಳನ್ನೂ ಆತ ತಡೆಯಬೇಕೇ? ತಡೆದರೆ ಕೆಲಸ ನಿಧಾನ. ಬಿಟ್ಟರೆ, ಹೊರಗಿನವನೊಬ್ಬ ಒಳಗಿನವನ ವೇಷ ಹಾಕಿಕೊಂಡು ಬಂದರೆ?

ಎಂಜಿನ್‌ಎಕ್ಸ್ ಇದಕ್ಕೆ ಅಚ್ಚುಕಟ್ಟಾದ ಉತ್ತರ ಕೊಟ್ಟಿದೆ. ತಾಣದ ಒಂದು ಭಾಗಕ್ಕೆ ‘ಇಂಟರ್ನಲ್’ ಎಂದು ಹೆಸರಿಟ್ಟರೆ, ಹೊರಗಿನಿಂದ ನೇರವಾಗಿ ಕೇಳಿದವರಿಗೆ ಅಲ್ಲಿ ಸಿಗುವುದು 404, ಅಂಥದ್ದೊಂದು ಜಾಗವೇ ಇಲ್ಲವೆಂಬ ಉತ್ತರ. ಒಳಗಿನ ರೀಡೈರೆಕ್ಟಿಗೆ, ಉಪಕೋರಿಕೆಗೆ ಮಾತ್ರ ಆ ಬಾಗಿಲು ತೆರೆಯುತ್ತದೆ. ವರದಿಯೊಂದನ್ನು ಕೇಳಿದವರ ಗುರುತನ್ನು ಹಿಂದಿನ ತಂತ್ರಾಂಶ ಪರೀಕ್ಷಿಸಿ, ಸರಿಯಿದ್ದರೆ ‘ಇಂಥ ಕಡತವನ್ನು ಕೊಡು’ ಎಂದು ಎಂಜಿನ್‌ಎಕ್ಸ್‌ಗೆ ಹೇಳುತ್ತದೆ. ಎಂಜಿನ್‌ಎಕ್ಸ್ ಆ ಮುಚ್ಚಿದ ಕೋಣೆಗೆ ಹೋಗಿ ಕಡತ ತರುತ್ತದೆ. 2013ರಿಂದ ಇನ್ನೊಂದು ಅನುಕೂಲವೂ ಅದರ ಜೊತೆಗೇ ಬಂದಿದೆ. ಪ್ರತಿ ಕೋರಿಕೆಗೂ ಮೊದಲು ಒಂದು ಉಪಕೋರಿಕೆಯನ್ನು ಗುರುತು ನೋಡುವವನ ಬಳಿಗೆ ಕಳಿಸುವುದು. ಆತ ಸರಿ ಎಂದರೆ ಮುಂದೆ ಬಿಡುವುದು. 401 ಅಥವಾ 403 ಎಂದರೆ ಅಲ್ಲೇ ತಡೆಯುವುದು.

ಇಲ್ಲೂ ಕೋರಿಕೆ ಒಳಗಿನದೋ ಹೊರಗಿನದೋ ಎಂಬುದನ್ನು ಸರ್ವರ್ ತನ್ನ ನೆನಪಿನಿಂದಲೇ ತಿಳಿಯುತ್ತದೆ. ಹೊರಗಿನವರು ಏನು ಬರೆದು ಕಳಿಸಿದರೂ ಆ ನೆನಪು ಬದಲಾಗುವುದಿಲ್ಲ.

ಹಾಗೆಂದು ಚೀಟಿ ಒಳಗಿದ್ದ ಮಾತ್ರಕ್ಕೆ ಎಲ್ಲವೂ ಕ್ಷೇಮವೆಂದಲ್ಲ. 2024ರ ಆಗಸ್ಟ್‌ನಲ್ಲಿ ತೈವಾನಿನ ಭದ್ರತಾ ಸಂಶೋಧಕ ಆರೆಂಜ್ ತ್ಸಾಯ್ ಅಮೆರಿಕದ ಬ್ಲ್ಯಾಕ್ ಹ್ಯಾಟ್ ಸಮ್ಮೇಳನದಲ್ಲಿ ಅಪಾಚಿಯ ಚೀಟಿಯ ಮೇಲೆಯೇ ಬೆರಳಿಟ್ಟು ತೋರಿಸಿದ. ಒಂದೇ ಚೀಟಿಯನ್ನು ಹಲವು ಮಾಡ್ಯೂಲುಗಳು ಓದುತ್ತವೆ. ಅದರಲ್ಲಿನ ‘ಕಡತದ ಹೆಸರು’ ಎಂಬ ಅಂಕಣವನ್ನು ಒಂದು ಮಾಡ್ಯೂಲ್ ಡಿಸ್ಕಿನ ಮೇಲಿನ ಹಾದಿ ಎಂದು ಓದಿದರೆ, ಇನ್ನೊಂದು ವೆಬ್ ವಿಳಾಸ ಎಂದು ಓದುತ್ತದೆ. ಒಳಗಿನ ರೀಡೈರೆಕ್ಟ್ ಆದಾಗ ಹಳೆಯ ಚೀಟಿಯ ‘ಇದು ಯಾವ ಬಗೆಯ ವಸ್ತು’ ಎಂಬ ಬರಹ ಹೊಸ ಚೀಟಿಗೂ ಬಂದು, ‘ಯಾವ ಕೆಲಸಗಾರನಿಗೆ ಕೊಡಬೇಕು’ ಎಂಬ ಆಜ್ಞೆಯಂತೆ ಓದಿಸಿಕೊಳ್ಳುತ್ತಿತ್ತು. ಇಬ್ಬರು ಒಂದೇ ಪದಕ್ಕೆ ಎರಡು ಅರ್ಥ ಹಚ್ಚಿದರೆ ನಡುವಿನ ಸಂದಿಯಲ್ಲಿ ಕಳ್ಳ ನುಸುಳುತ್ತಾನೆ. ಆ ವರ್ಷದ ಜುಲೈನಲ್ಲಿ ಬಂದ 2.4.60ನೇ ಆವೃತ್ತಿಯಲ್ಲಿ ಅಪಾಚಿ ಇಂಥ ಹಲವು ಸಂದಿಗಳನ್ನು ಮುಚ್ಚಿತು.

ಲಕೋಟೆಯ ಮೇಲಿನ ಒಂದು ಸಾಲು

ಈಗ 2025ರ ಕಥೆ.

ನೆಕ್ಸ್ಟ್ ಜೆಎಸ್ ಎಂಬುದು ವರ್ಸೆಲ್ ಎಂಬ ಕಂಪನಿ ಪೋಷಿಸುವ, ಜಾಲತಾಣ ಕಟ್ಟುವ ಜನಪ್ರಿಯ ಸಲಕರಣೆ. ಇದರಲ್ಲಿ ಮಿಡ್ಲ್‌ವೇರ್ ಎಂಬೊಂದು ಸೌಲಭ್ಯವಿದೆ. ಕೋರಿಕೆ ಪುಟಕ್ಕೆ ತಲಪುವ ಮೊದಲೇ ತಡೆದು ಪರೀಕ್ಷಿಸುವ ಕಾವಲುಗಾರ ಅದು. ಲಾಗಿನ್ ಆಗದವರನ್ನು ಅಲ್ಲಿಂದಲೇ ಲಾಗಿನ್ ಪುಟಕ್ಕೆ ರೀಡೈರೆಕ್ಟ್ ಮಾಡುವುದು ಅನೇಕ ತಾಣಗಳಲ್ಲಿ ರೂಢಿ.

ಈ ಕಾವಲುಗಾರನೂ ಕೆಲವೊಮ್ಮೆ ತನ್ನ ಕೆಲಸದ ನಡುವೆ ಅದೇ ತಾಣಕ್ಕೆ ಉಪಕೋರಿಕೆ ಕಳಿಸಬೇಕಾಗುತ್ತದೆ. ಆ ಉಪಕೋರಿಕೆಯೂ ಬಾಗಿಲಿಗೇ ಬರುತ್ತದೆ. ಕಾವಲುಗಾರ ಅದನ್ನೂ ತಡೆಯುತ್ತಾನೆ, ತಡೆದು ಮತ್ತೊಂದು ಉಪಕೋರಿಕೆ ಕಳಿಸುತ್ತಾನೆ. ಅದೇ ಗಾಣದ ಎತ್ತು! ಇದನ್ನು ತಪ್ಪಿಸಬೇಕಿತ್ತು. ಆದರೆ ಇಲ್ಲಿ ಉಪಕೋರಿಕೆ ಅಪಾಚಿಯಂತೆ ಒಂದೇ ನೆನಪಿನೊಳಗೆ ಹುಟ್ಟಿ ಮುಗಿಯುವುದಿಲ್ಲ. ಹೊರಗಿನ ಕೋರಿಕೆಯಂತೆಯೇ ಜಾಲದ ಮೂಲಕ ಸುತ್ತಿ ಬರುತ್ತದೆ. ತಾಯಿ ಯಾರು, ಹಿಂದಿನದು ಯಾವುದು ಎಂಬ ಗುರುತೆಲ್ಲ ದಾರಿಯಲ್ಲಿ ಕಳೆದುಹೋಗುತ್ತದೆ. ಉಳಿಯುವುದು ಕೋರಿಕೆಯ ತಲೆಭಾಗದಲ್ಲಿ ಬರೆದ ಸಾಲುಗಳು ಮಾತ್ರ, ಅಂದರೆ ಲಕೋಟೆಯ ಮೇಲಿನ ಬರಹ. ಇವಕ್ಕೆ ಹೆಡರ್ ಎನ್ನುತ್ತಾರೆ.

ಆದ್ದರಿಂದ ನೆಕ್ಸ್ಟ್ ಜೆಎಸ್ ಬರೆದವರು ಒಂದು ಉಪಾಯ ಮಾಡಿದ್ದರು. ಮಿಡ್ಲ್‌ವೇರ್ ಕಳಿಸುವ ಪ್ರತಿ ಉಪಕೋರಿಕೆಯ ಮೇಲೆ ‘ಎಕ್ಸ್ ಮಿಡ್ಲ್‌ವೇರ್ ಸಬ್‌ರಿಕ್ವೆಸ್ಟ್’ ಎಂಬ ಹೆಡರ್ ಸಾಲು ಸೇರಿಸುವುದು. ಅದರಲ್ಲಿ ಮಿಡ್ಲ್‌ವೇರ್‌ನ ಹೆಸರನ್ನು ಬರೆಯುವುದು. ಬಾಗಿಲಿಗೆ ಬಂದ ಕೋರಿಕೆಯ ಮೇಲೆ ಆ ಹೆಸರು ಈಗಾಗಲೇ ಇದ್ದರೆ ‘ಇದು ನಮ್ಮದೇ, ಸುತ್ತು ಬೇಡ’ ಎಂದು ತಪಾಸಣೆ ಇಲ್ಲದೆ ಒಳಗೆ ಬಿಡುವುದು. ನಂತರದ ಆವೃತ್ತಿಗಳಲ್ಲಿ ಹೆಸರು ಐದು ಸಲ ಇದ್ದರೆ ಬಿಡುವುದೆಂದಾಯಿತು.

ಎಡವಿದ್ದು ಎಲ್ಲಿ ಎಂಬುದು ಈಗ ಓದುಗರಿಗೆ ಹೊಳೆದಿರಬೇಕು. ಲಕೋಟೆಯ ಮೇಲೆ ಯಾರು ಬೇಕಾದರೂ ಏನು ಬೇಕಾದರೂ ಬರೆಯಬಹುದು! ಹೊರಗಿನವನೊಬ್ಬ ತನ್ನ ಕೋರಿಕೆಯ ಮೇಲೆ ತಾನೇ ಆ ಸಾಲನ್ನು ಬರೆದು ಕಳಿಸಿದರೆ ಕಾವಲುಗಾರ ಸಲಾಂ ಹೊಡೆದು ದಾರಿ ಬಿಡುತ್ತಿದ್ದ. ಮಿಡ್ಲ್‌ವೇರ್‌ನ ಹೆಸರು ಊಹಿಸುವುದೂ ಕಷ್ಟವಲ್ಲ. ಕಡತವನ್ನು ಇಂಥ ಹೆಸರಿನಲ್ಲಿ ಇಂಥ ಜಾಗದಲ್ಲೇ ಇಡಬೇಕೆಂದು ಸಲಕರಣೆಯ ನಿಯಮವೇ ಹೇಳುತ್ತಿತ್ತು. ಗುಪ್ತಪದ ಒಡೆಯುವುದು ಬೇಡ, ಕನ್ನ ಕೊರೆಯುವುದು ಬೇಡ, ಒಂದು ಸಾಲು ಸಾಕಿತ್ತು.

ಭದ್ರತಾ ಸಂಶೋಧಕರು ಇದನ್ನು ಕಂಡುಹಿಡಿದು ಕಂಪನಿಗೆ ತಿಳಿಸಿದರು. 2025ರ ಮಾರ್ಚ್‌ನಲ್ಲಿ ತಿದ್ದಿದ ಆವೃತ್ತಿಗಳು ಬಂದವು, ದೋಷ ಬಹಿರಂಗವಾಯಿತು. ಅಪಾಯದ ಅಳತೆಯಲ್ಲಿ ಇದಕ್ಕೆ ಸಿಕ್ಕಿದ್ದು ಹತ್ತಕ್ಕೆ 9.1. ವರ್ಸೆಲ್‌ನ ಸ್ವಂತ ಸರ್ವರುಗಳಲ್ಲಿದ್ದ ತಾಣಗಳಿಗೆ ತೊಂದರೆ ಇರಲಿಲ್ಲ. ತಮ್ಮದೇ ಯಂತ್ರಗಳಲ್ಲಿ ಈ ಸಲಕರಣೆ ನಡೆಸುತ್ತ, ಲಾಗಿನ್ ತಪಾಸಣೆಗೆ ಮಿಡ್ಲ್‌ವೇರ್ ಒಂದನ್ನೇ ನಂಬಿದ್ದವರ ಬಾಗಿಲು ಮಾತ್ರ ಹಾರುಹೊಡೆದಿತ್ತು. ತಕ್ಷಣ ಹೊಸ ಆವೃತ್ತಿಗೆ ಹೋಗಲಾರದವರಿಗೆ ಸಿಕ್ಕ ಸಲಹೆ ಸರಳ: ಹೊರಗಿನಿಂದ ಬರುವ ಕೋರಿಕೆಗಳಲ್ಲಿ ಆ ಸಾಲು ಕಂಡರೆ ಮುಂಬಾಗಿಲಲ್ಲೇ ತಡೆಯಿರಿ.

ದುರಸ್ತಿಯ ಒಳಗುಟ್ಟೂ ಅಷ್ಟೇ ಸರಳ. ಸರ್ವರ್ ಶುರುವಾದಾಗ ಯಾರೂ ಊಹಿಸಲಾಗದ ಒಂದು ಗುಟ್ಟಿನ ಗುರುತನ್ನು ತಾನೇ ಹುಟ್ಟಿಸಿಕೊಂಡು ನೆನಪಿನಲ್ಲಿ ಇಟ್ಟುಕೊಳ್ಳುತ್ತದೆ. ತನ್ನ ಉಪಕೋರಿಕೆಗಳ ಮೇಲೆ ಅದನ್ನೂ ಬರೆಯುತ್ತದೆ. ಗುರುತು ತಾಳೆಯಾಗದ ಲಕೋಟೆಯ ಮೇಲಿನ ‘ನಾನು ಒಳಗಿನವನು’ ಎಂಬ ಸಾಲನ್ನು ಅಳಿಸಿಹಾಕಿ, ಸಾಮಾನ್ಯ ಗಿರಾಕಿಯಂತೆಯೇ ತಪಾಸಣೆಗೆ ನಿಲ್ಲಿಸುತ್ತದೆ.

ಅಡುಗೆಮನೆಯ ಶಿಸ್ತು

ಸರ್ವರ್ ತಂತ್ರಾಂಶ ಬರೆಯುವವರಿಗೆ ಈ ಮೂವತ್ತು ವರ್ಷಗಳ ಅನುಭವ ಕಲಿಸಿರುವ ಶಿಸ್ತು ದೊಡ್ಡ ಗ್ರಂಥವೇನಲ್ಲ. ಗಿರಾಕಿಗೆ ತಿಳಿಯಬೇಕಾದ ಬದಲಾವಣೆಯಾದರೆ ಹೊರಗಿನ ರೀಡೈರೆಕ್ಟ್ ಬಳಸಬೇಕು, ಸರಿಯಾದ ಅಂಕಿಯೊಂದಿಗೆ. ತಿಳಿಯಬೇಕಾಗಿಲ್ಲದಿದ್ದರೆ ಒಳಗಿನ ದಾರಿ. ಒಳಗಿನ ಓಡಾಟಕ್ಕೆ ಎಣಿಕೆ ಇರಬೇಕು, ಎಣಿಕೆಗೆ ಕೊನೆ ಇರಬೇಕು. ಆ ಎಣಿಕೆಯ ಪುಸ್ತಕ ಸರ್ವರ್‌ನ ಕೈಯಲ್ಲೇ ಇರಬೇಕು. ಲಕೋಟೆಯ ಮೇಲೆ ಬರೆಯಲೇಬೇಕಾದರೆ ಹೊರಗಿನವರು ನಕಲು ಮಾಡಲಾಗದ ಮುದ್ರೆ ಒತ್ತಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಬಾಗಿಲಿನ ಕಾವಲುಗಾರನೊಬ್ಬನನ್ನೇ ನಂಬದೆ, ತಿಜೋರಿಯ ಕೋಣೆಯಲ್ಲೂ ಇನ್ನೊಮ್ಮೆ ‘ಯಾರು ನೀನು?’ ಎಂದು ಕೇಳುವ ಪದ್ಧತಿ ಇರಬೇಕು.

ಬಳಸುವವರಿಗೆ ಇದರಲ್ಲಿ ಮಾಡಲು ಏನೂ ಇಲ್ಲವೆನಿಸಬಹುದು. ಊಟಕ್ಕೆ ಕುಳಿತವರು ಅಡುಗೆಮನೆಗೆ ಹೋಗಿ ಪಾತ್ರೆ ಪರೀಕ್ಷಿಸುವುದಿಲ್ಲ, ನಿಜ. ಆದರೆ ಲಾಗಿನ್ ಆಗಿ ಅಂಕಪಟ್ಟಿಯನ್ನೋ ರಕ್ತಪರೀಕ್ಷೆಯ ವರದಿಯನ್ನೋ ತೆರೆಯುವ ಆ ಒಂದು ಕ್ಷಣದಲ್ಲಿ ಸರ್ವರ್ ಎಂಬ ಮಾಣಿ ಒಳಗೆ ಹೋಗಿ ಎಷ್ಟೋ ಸಲ ತನಗೆ ತಾನೇ ಕೇಳಿಕೊಂಡು, ಎಷ್ಟೋ ಕೋಣೆಗಳ ಬಾಗಿಲು ತಟ್ಟಿ ಬಂದಿರುತ್ತದೆ. ಪ್ರತಿ ಬಾಗಿಲಲ್ಲೂ ಯಾರಾದರೂ ಗುರುತು ಕೇಳಿದರೇ ಎಂಬುದರ ಮೇಲೆ ಆ ವರದಿ ನಿಮ್ಮೊಬ್ಬರದಾಗಿ ಉಳಿಯುತ್ತದೋ ಇಲ್ಲವೋ ಎಂಬುದು ನಿಂತಿದೆ.